ದೀಪ ಹಚ್ಚುವ ಕರಾರು

ರಾಯದುರ್ಗದಲ್ಲಿ ನನಗೆ ಕೆಲಸ ಸಿಕ್ಕಿದ್ದು ಒಂದೇ ದಿನದಲ್ಲಿ. ಕೋಣೆ ಸಿಗಲು ಹನ್ನೊಂದು ದಿನ ಬೇಕಾಯಿತು.

ಆಗ ಊರಿನ ಗಲ್ಲಿಗಲ್ಲಿಯಲ್ಲೂ ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡುಗಳು ಏಳುತ್ತಿದ್ದವು. ಕತ್ತರಿಸಿದ ಬಟ್ಟೆ ಬಳ್ಳಾರಿಯಿಂದ ಮೂಟೆ ಮೂಟೆಯಾಗಿ ಬರುತ್ತಿತ್ತು, ಪ್ಯಾಂಟಾಗಿ ವಾಪಸು ಹೋಗುತ್ತಿತ್ತು. ಮಡಕಶಿರದ ಟೈಲರ್ ಅಂಗಡಿಯೊಂದರಲ್ಲಿ ಕೆಲಸ ಕಲಿತಿದ್ದ ನಾನು ಪಾವಗಡದಲ್ಲೊಮ್ಮೆ, ಕಲ್ಯಾಣದುರ್ಗದಲ್ಲೊಮ್ಮೆ ಬಸ್ಸು ಬದಲಿಸಿ ಬಂದಿಳಿದ ದಿನವೇ ಒಂದು ಶೆಡ್ಡಿನಲ್ಲಿ ಹಿಂಜೇಬು ಹೊಲಿಯಲು ಕೂತೆ. ಹೊಲಿಗೆ ನೆಟ್ಟಗೆ ಬರುತ್ತದೆಯೇ ಎಂಬುದೊಂದನ್ನು ಬಿಟ್ಟು ಮಾಲೀಕರು ಬೇರೇನೂ ಕೇಳಲಿಲ್ಲ. ಮನೆ ಬಾಡಿಗೆಗೆ ಕೊಡುವವರು ಹಾಗಿರಲಿಲ್ಲ.

"ನಿಮ್ಮ ಮನಿದೇವ್ರು ಯಾವುದ್ರಿ?"

"ಮನೇಗೆ ಒಂದೈತೆ. ನಂಗೆ ದೇವರ ಮೇಲೆ ನಂಬಿಕೆ ಇಲ್ಲ."

ಆಗ ನನಗೆ ಇಪ್ಪತ್ತಮೂರು. ಕೇಳದ ಪ್ರಶ್ನೆಗೂ ಉತ್ತರ ಕೊಡುವ ವಯಸ್ಸು. ಕುಡಿಯಲು ನೀರು ತಂದಿದ್ದವರು ಲೋಟ ಹಿಡಿದುಕೊಂಡೇ ಒಳಗೆ ಹೋದರು. ಒಬ್ಬರು ತೆಲುಗಿನಲ್ಲಿ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ ಬಾಬೂ, ಬೇರೆ ಕಡೆ ನೋಡಿಕೋ ಎಂದರು. ನನಗೆ ಇರುವುದು ಅಂಟುರೋಗ ಎಂದು ಅವತ್ತೇ ಗೊತ್ತಾದದ್ದು.

ಈ ರೋಗ ನನಗೆ ಪುಸ್ತಕ ಓದಿ ಬಂದದ್ದಲ್ಲ, ರೇಷ್ಮೆಹುಳುವಿನಿಂದ ಬಂದದ್ದು. ಊರಿನಲ್ಲಿ ನಮ್ಮದು ಹಿಪ್ಪುನೇರಳೆ ತೋಟ. ಒಂದು ಸಲ ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ಹುಳುಗಳೆಲ್ಲ ಕಪ್ಪಾಗಿ ಸತ್ತವು. ಅಮ್ಮ ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ, ಯಾರು ಏನು ಮೈಲಿಗೆ ಮಾಡಿದಿರಿ ಎಂದು ವಿಚಾರಣೆ ನಡೆಸಿದಳು. ಮುಂದಿನ ಬೆಳೆ ಚೆನ್ನಾಗಿ ಬಂತು. ಅವತ್ತು ಯಾರನ್ನೂ ಸಾಲಾಗಿ ನಿಲ್ಲಿಸಲಿಲ್ಲ, ನೇರ ದೇವರಿಗೆ ಹೂವು ಹೋಯಿತು. ಹುಳ ಬದುಕಿದರೆ ದೇವರು, ಸತ್ತರೆ ನಾವು. ಈ ಹಂಚಿಕೆ ನನಗೆ ಸರಿಕಾಣಲಿಲ್ಲ. ಅಷ್ಟೇ ನನ್ನ ನಾಸ್ತಿಕತೆ. ಅದಕ್ಕಿಂತ ದೊಡ್ಡ ಕಾರಣವೊಂದು ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನಿಸಿದೆ.

ಹನ್ನೊಂದನೆಯ ದಿನ ಹೋದ ಮನೆ ಒಬ್ಬ ವಿಧವೆಯದು. ಸರ್ಕಾರಿ ಶಾಲೆಯಲ್ಲಿ ಆಯಾ ಆಗಿದ್ದು ನಿವೃತ್ತರಾದವರು. ಒಬ್ಬಳೇ ಮಗಳು, ಅವಳನ್ನು ಬಳ್ಳಾರಿಗೆ ಕೊಟ್ಟಿದ್ದರು. ಬಾಡಿಗೆಗಿದ್ದದ್ದು ಹಿಂದಿನ ಕೋಣೆ. ಅದರ ಗೋಡೆಯಲ್ಲೊಂದು ಗೂಡು, ಗೂಡಿನಲ್ಲಿ ಅರಿಶಿನ ಬಳಿದ ಕಲ್ಲು. ಆಕೆಯ ಅತ್ತೆ ಇಟ್ಟ ದೇವರಂತೆ, ಅಲ್ಲಿಂದ ಕದಲಿಸುವಂತಿಲ್ಲ. ಕೋಣೆಯಲ್ಲಿರುವವನು ದಿನಾ ಮುಸ್ಸಂಜೆ ಅದಕ್ಕೆ ದೀಪ ಹಚ್ಚಬೇಕು. ಅದು ಕರಾರು.

ನಾನು ಎಂದಿನಂತೆ ನನ್ನ ರೋಗ ಹೇಳಿಕೊಂಡೆ. ಆಕೆ ಬಾಗಿಲು ಹಾಕಿಕೊಳ್ಳಲಿಲ್ಲ.

"ನಂಬು ಅಂತ ನಾ ಎಲ್ಲಿ ಅಂದೆ ತಮ್ಮಾ? ದೀಪ ಹಚ್ಚು ಅಂದೆ. ಹಿಂದ ಇದ್ದಾವ ಹಣಿತುಂಬ ಇಬತ್ತಿ ಬಡ್ಕೊಂತಿದ್ದ. ತಿಂಗಳದಾಗ ಹತ್ತು ದಿನ ಹಚ್ಚಿದರ ಹೆಚ್ಚು. ಯಾಕಪ್ಪಾ ಅಂದ್ರ, ದೇವರು ದೊಡ್ಡವ, ಕ್ಷಮಿಸ್ತಾನ ಬಿಡವ್ವ ಅಂತಿದ್ದ. ನಿನಗ ಹಂಗ ಅನ್ನಾಕ ಬರಂಗಿಲ್ಲಲ್ಲ?"

ಬರುವಂತಿರಲಿಲ್ಲ. ಹಚ್ಚುತ್ತೇನೆ ಎಂದು ಮಾತು ಕೊಟ್ಟೆ. ನನ್ನ ನಾಸ್ತಿಕತೆಯನ್ನು ಅರ್ಹತೆ ಎಂದು ಎಣಿಸಿದ ಮೊದಲ ಮನುಷ್ಯರು ಅವರು.

ತೊಂದರೆ ಶುರುವಾದದ್ದು ಶೆಡ್ಡಿನಲ್ಲಿ. ಮುಸ್ಸಂಜೆ ಹೊತ್ತಿಗೆ ಕೆಲಸ ಮುಗಿಯುತ್ತಿರಲಿಲ್ಲ. ಕಾಲು ಗಂಟೆ ಬಿಡುವು ಕೊಡಿ, ಕೋಣೆಯಲ್ಲಿ ದೀಪ ಹಚ್ಚಿ ಬರುತ್ತೇನೆ ಎಂದು ಮಾಲೀಕರನ್ನು ಕೇಳಿದೆ. ಚಹಾಕ್ಕೆ ಎದ್ದರೂ ಗಡಿಯಾರ ನೋಡುವ ಮನುಷ್ಯ ಆತ. ಅವತ್ತು ಕೈಮುಗಿದು, "ಹೋಗಿ ಬರ್ರಿ" ಎಂದರು. ಅಲ್ಲಿಯವರೆಗೆ ನನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದವರು.

"ನಾನು ಭಕ್ತ ಅಲ್ಲ ಸಾರ್. ಮನೆ ಬಾಡಿಗೆ ಕರಾರು ಅಂಗೈತೆ, ಅದಕ್ಕೆ."

"ಆತು ಬಿಡ್ರಿ, ನಿಜವಾದವರು ಹೇಳಿಕೊಳ್ಳಂಗಿಲ್ಲ" ಎಂದು ಅವರು ಉಳಿದವರ ಕಡೆ ತಿರುಗಿ, "ನೋಡ್ರಲೇ, ಕಲೀರಿ" ಎಂದರು. ಅಂದಿನಿಂದ ಶೆಡ್ಡಿನ ಅರ್ಧ ಜನಕ್ಕೆ ನನ್ನ ಮೇಲೆ ಗೌರವ, ಅರ್ಧ ಜನಕ್ಕೆ ಹೊಟ್ಟೆಯುರಿ. ಎರಡಕ್ಕೂ ಕಾರಣವಾದ ಭಕ್ತಿ ಮಾತ್ರ ನನ್ನಲ್ಲಿರಲಿಲ್ಲ.

ಶೆಡ್ಡಿನಲ್ಲಿ ನನ್ನ ಪಕ್ಕದ ಮಿಷನ್ನಿನ ಗೆಳೆಯನೊಬ್ಬ ನಿಜವಾದ ನಾಸ್ತಿಕ. ಓದಿ, ವಾದ ಮಾಡಿ, ಮನೆಯವರೊಡನೆ ಜಗಳವಾಡಿ ಆದವನು. ನಾನೂ ನಂಬುವುದಿಲ್ಲ ಎಂದು ತಿಳಿದ ದಿನ ನನ್ನನ್ನು ತಬ್ಬಿಕೊಂಡಿದ್ದ. ದೀಪದ ಸುದ್ದಿ ಕೇಳಿ ಒಂದು ಭಾನುವಾರ ಸಂಜೆ ನೇರ ನನ್ನ ಕೋಣೆಗೇ ಬಂದ. ನಾನು ಆಗತಾನೇ ಬತ್ತಿ ಹೊಸೆಯಲು ಕೂತಿದ್ದೆ.

"ಲೇ, ನಂಬಿ ಹಚ್ಚಾವ ದಡ್ಡ. ನಂಬದ ಹಚ್ಚಾವ ಕಳ್ಳ. ನೀ ಯಾರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಮನೆಯೊಡತಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಟ್ಟೆಯಲ್ಲಿಟ್ಟುಕೊಂಡು ಬಂದರು. ಕೇಳಿಸಿಕೊಂಡಿದ್ದರು.

"ಬರ್ರಿ, ಕೂಡ್ರಿ. ಬೈಯೂದು ಇದ್ರ ನನಗ ಬೈರಿ. ಕರಾರು ನಂದು."

ಗೆಳೆಯ ಕೂತ. ಬಜ್ಜಿಯನ್ನೂ ತೆಗೆದುಕೊಂಡ. "ತಪ್ಪು ತಿಳೀಬ್ಯಾಡ್ರಿ ಅಮ್ಮ. ಇಷ್ಟು ವರ್ಷ ಈ ಕಲ್ಲಿಗೆ ಎಣ್ಣಿ ಸುಟ್ರಿ. ಏನ್ ಸಿಕ್ತು?"

"ಬೆಳಕು."

"ಕರೆಂಟ್ ಐತಲ್ರಿ ಅದಕ್ಕ."

"ಯಾವಾಗ ಐತಿ ಹೇಳು?"

ಕರೆಂಟಿನ ಮಾತು ಬಂದರೆ ಆಗ ರಾಯದುರ್ಗದಲ್ಲಿ ಆಸ್ತಿಕ ನಾಸ್ತಿಕ ಎಂಬ ಭೇದವಿರಲಿಲ್ಲ. ಮೂವರೂ ನಕ್ಕೆವು. ಆಮೇಲೆ ಆಕೆ ಕೇಳಿದರು, "ನಿನ್ನ ಮದುವಿ ಆಗೇತೇನಪ್ಪ? ಹೆಂಗ ಆತು, ಶಾಸ್ತ್ರ ಮಾಡ್ಕೊಂಡ್ಯೋ ಇಲ್ಲೋ?"

ಗೆಳೆಯ ಬಜ್ಜಿ ಕೆಳಗಿಟ್ಟ. "ಮಾಡ್ಕೊಂಡೆ. ಅವ್ವ ಅತ್ತಳು. ಅವ್ವನ ಸಲುವಾಗಿ ಕುಂತೆ."

"ಇವ ಒಬ್ಬ ಮುದುಕಿ ಸಲುವಾಗಿ ದೀಪ ಹಚ್ಚತಾನ. ನಿನಗ ಮಾಫಿ, ಇವಗ್ಯಾಕ ಇಲ್ಲ?"

ಗೆದ್ದೆವು ಎಂದುಕೊಂಡೆ. ಆದರೆ ಅವನು, "ನಾ ಮಾಡಿದ್ದು ತಪ್ಪೇ ಐತಿ ರೀ. ನನ್ನ ತಪ್ಪು ತೋರಿಸಿ ಇವನದು ಸರಿ ಅನಬ್ಯಾಡ್ರಿ" ಎಂದ. ಆಕೆ ಅವನ ತಟ್ಟೆಗೆ ಇನ್ನೊಂದು ಬಜ್ಜಿ ಹಾಕಿದರು. ಅವನು ಹೊರಡುವಾಗ, "ಮುಂದಿನ ಐತವಾರ ಬಾರಪ್ಪ, ನಿನ್ನ ಮಾತು ಚಲೋ ಇರತಾವ. ಒಂದೂ ಒಪ್ಪಂಗಿಲ್ಲ ನಾನು" ಎಂದರು. ಅವನು ಬಂದ. ಅದರ ಮುಂದಿನ ಭಾನುವಾರವೂ ಬಂದ. ಇಬ್ಬರೂ ನನ್ನ ಬಗ್ಗೆ ನನ್ನೆದುರಿಗೇ ವಾದ ಮಾಡುತ್ತಿದ್ದರು. ನನ್ನನ್ನು ಮಾತ್ರ ಯಾರೂ ಏನೂ ಕೇಳುತ್ತಿರಲಿಲ್ಲ. ನನ್ನ ಪಾಲಿಗೆ ಬರುತ್ತಿದ್ದುದು ತಟ್ಟೆಯಲ್ಲಿ ಉಳಿದ ಮಂಡಕ್ಕಿ.

ಬೇಸಿಗೆಯಲ್ಲಿ ಮಗಳ ಹೆರಿಗೆಗೆಂದು ಆಕೆ ಬಳ್ಳಾರಿಗೆ ಹೋದರು, ಒಂದು ತಿಂಗಳಿಗೆ. ಹೋಗುವಾಗ ಎಣ್ಣೆ ಬಾಟಲಿ, ಬತ್ತಿಗೆ ಹತ್ತಿ ಕೊಟ್ಟು ಹೋದರು. ಮೂರು ವಾರ ಒಂದು ದಿನವೂ ತಪ್ಪಿಸದೆ ಹಚ್ಚಿದೆ. ನಾಲ್ಕನೆಯ ವಾರ ಒಂದು ದಿನ ಶೆಡ್ಡಿಗೆ ಅರ್ಜೆಂಟ್ ಮಾಲು ಬಂತು. ಹೊರಗೆ ಲಾರಿ ನಿಂತಿತ್ತು, ಒಳಗೆ ನಾವು ತಲೆ ಎತ್ತದೆ ಹೊಲಿಯುತ್ತಿದ್ದೆವು. ತಲೆ ಎತ್ತಿದಾಗ ಮುಸ್ಸಂಜೆ ಮುಗಿದು ತುಂಬ ಹೊತ್ತಾಗಿತ್ತು.

ಏನೂ ಆಗಲಿಲ್ಲ. ಆಗುತ್ತದೆ ಎಂದು ನಾನೇನೂ ಕಾದಿರಲಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಗೂಡಿನ ಕಡೆ ಒಮ್ಮೆ ನೋಡಿದ್ದು ಮಾತ್ರ ನಿಜ.

ಆಕೆ ಮೊಮ್ಮಗಳು ಹುಟ್ಟಿದ ಖುಷಿಯಲ್ಲಿ ವಾಪಸು ಬಂದು, ಪೇಡೆ ಕೊಟ್ಟು, "ದೀಪ?" ಎಂದರು. ಸುಳ್ಳು ಹೇಳಿದ್ದರೆ ತಿಳಿಯುತ್ತಿರಲಿಲ್ಲ. ಆ ಕಲ್ಲೇನೂ ಚಾಡಿ ಹೇಳುವಂತಿರಲಿಲ್ಲ. ಆದರೂ ಹೇಳಿದೆ, "ಒಂದಿನ ತಪ್ಪೋಯ್ತಮ್ಮ. ಲಾರಿ ನಿಂತಿತ್ತು."

ನಗುತ್ತಾರೆ ಎಂದುಕೊಂಡಿದ್ದೆ. ವಿಭೂತಿಯವನು ತಿಂಗಳಿಗೆ ಇಪ್ಪತ್ತು ದಿನ ತಪ್ಪಿಸಿದ್ದನ್ನು ಆಕೆ ನಗುತ್ತಲೇ ಹೇಳಿದ್ದರು. ಈಗ ಮುಖ ಗಂಟಿಕ್ಕಿತು.

"ಯಾಕಮ್ಮ, ಅವನಿಗೆ ಏನೂ ಅನ್ನಲಿಲ್ಲ ನೀವು. ಒಂದೇ ದಿನಕ್ಕೆ ನನ್ನ ಮೇಲೆ ಇಷ್ಟು ಕೋಪ ಯಾಕೆ?"

"ಅವ ದೇವರಿಗೆ ಮಾತು ಕೊಟ್ಟಿದ್ದ, ದೇವರಿಗೆ ತಪ್ಪಿದ. ಅದು ಅವರಿಬ್ಬರದು, ಅವರು ನೋಡ್ಕೊಂತಾರ. ನೀ ದೇವರಿಗೆಲ್ಲಿ ಕೊಟ್ಟಿದ್ದಿ? ನನಗ ಕೊಟ್ಟಿದ್ದಿ."

ಆಮೇಲೆ ಒಂದು ವಾರ ಆಕೆ ನನ್ನೊಂದಿಗೆ ಮಾತಾಡಲಿಲ್ಲ. ಮೊದಲೆರಡು ದಿನ ನನಗೂ ಸಿಟ್ಟಿತ್ತು, ಒಂದು ಬತ್ತಿಗೆ ಇಷ್ಟು ರಂಪವೇ ಎಂದು. ಮೂರನೆಯ ದಿನದಿಂದ ನಾಚಿಕೆಯಾಗತೊಡಗಿತು. ದೇವರಿಲ್ಲ ಎಂದು ಹೇಳಿಕೊಂಡು ತಿರುಗುವವನಿಗೆ ತಪ್ಪು ಒಪ್ಪಿಕೊಳ್ಳಲು ಗುಡಿಯಿಲ್ಲ, ಹುಂಡಿಯಿಲ್ಲ, ಮುಡಿ ಕೊಡುವ ಅನುಕೂಲವಿಲ್ಲ. ಎದುರಿಗಿರುವ ಮನುಷ್ಯರ ಮುಖವನ್ನೇ ನೋಡಬೇಕು. ಕೊನೆಗೆ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದವರ ಮುಂದೆ ಹೋಗಿ ನಿಂತು, ತಪ್ಪಾಯಿತು ಎಂದೆ.

"ಯಾರಿಗೆ ಹೇಳತಿ?"

"ನಿಮಗೇ ಅಮ್ಮ."

ಆಕೆ ಅಕ್ಕಿಯಿಂದ ಕಣ್ಣು ತೆಗೆಯದೆ ಹೇಳಿದರು, "ಲಾರಿ ನಿಂತಿದ್ರ ಯಾರ ಕೈಲರ ಹೇಳಿ ಕಳಿಸಬೇಕಿತ್ತು. ಬಾಜು ಮನಿಯಾಕಿ ಬಂದು ಹಚ್ಚತಿದ್ಲು. ನೀನೇ ಹಚ್ಚಬೇಕಂತ ಎಲ್ಲಿತ್ತು?"

ಇದು ನನಗೆ ಹೊಳೆದೇ ಇರಲಿಲ್ಲ. ಎಷ್ಟೋ ತಿಂಗಳಿಂದ ಆ ಗೂಡಿನ ಕೆಲಸ ನನ್ನೊಬ್ಬನದೇ ಎಂಬಂತೆ ನಡೆದುಕೊಂಡಿದ್ದೆ. ಪೂಜಾರಿಗಳಿಗೆ ಇಂಥ ಗರ್ವ ಇರುತ್ತದೆ ಎಂದು ಗೆಳೆಯ ಆಗಾಗ ಆಡಿಕೊಳ್ಳುತ್ತಿದ್ದ. ಅವನಿಗೆ ಈ ಸಂಗತಿ ನಾನು ಹೇಳಲಿಲ್ಲ.

ಮರುವರ್ಷ ನನಗೆ ಹೆಣ್ಣು ನೋಡುವ ಮಾತು ಬಂತು. ಗುಡಿಬಂಡೆ ಕಡೆಯ ರೈತರೊಬ್ಬರು, ಅವರದೂ ಹಿಪ್ಪುನೇರಳೆ ತೋಟವೇ, ಹುಡುಗ ಹೇಗೆ ಎಂದು ವಿಚಾರಿಸಲು ರಾಯದುರ್ಗದವರೆಗೂ ಬಂದರು. ಮೊದಲು ಹೋದದ್ದು ಶೆಡ್ಡಿಗೆ. ದಿನಾ ಸಂಜೆ ಕೆಲಸ ಬಿಟ್ಟು ದೇವರಿಗೆ ದೀಪ ಹಚ್ಚುವ ಹುಡುಗ, ಈ ಕಾಲದಲ್ಲಿ ಇಂಥವರು ಎಲ್ಲಿ ಸಿಗುತ್ತಾರೆ ಎಂದರಂತೆ ಮಾಲೀಕರು. ಅದನ್ನು ಕೇಳಿದ ರೈತರು ಕಣ್ಣು ಒದ್ದೆ ಮಾಡಿಕೊಂಡು ನನ್ನ ಹತ್ತಿರ ಬಂದರು.

"ಅಂಗೇನಿಲ್ಲ ಮಾವ. ನಾನು ದೇವರನ್ನ ನಂಬಲ್ಲ" ಎಂದೆ.

"ದೊಡ್ಡ ಭಕ್ತರೆಲ್ಲ ಇಂಗೇ ಏಳದು ಬಿಡಪ್ಪ" ಎಂದು ಬೆನ್ನು ತಟ್ಟಿದರು. ನಾನು ಇನ್ನೂ ಒತ್ತಿ ಹೇಳಿದೆ. ನಾನು ಅಲ್ಲಗಳೆದಷ್ಟೂ ಅವರ ಕಣ್ಣಲ್ಲಿ ನನ್ನ ಭಕ್ತಿ ಏರುತ್ತಲೇ ಹೋಯಿತು.

ಹೆಣ್ಣು ನೋಡಲು ಹೋದಾಗ, ಹುಡುಗಿಯ ಜೊತೆ ಎರಡು ಮಾತಾಡಬೇಕು ಎಂದು ಎಲ್ಲರೆದುರು ಕೇಳಿದೆ. ಮನೆಯ ಹಿಂದೆ, ಹುಳುಗಳಿಗೆ ಹಾಕುವ ಸೊಪ್ಪಿನ ರಾಶಿಯ ಪಕ್ಕ ನಿಂತು ಮಾತಾಡಿದೆವು.

"ನಂಗೆ ದೇವರ ಮೇಲೆ ನಂಬಿಕೆ ಇಲ್ಲ. ನಿಮ್ಮಪ್ಪ ನಂಬ್ತಿಲ್ಲ."

"ನಾನು ನಂಬ್ತೀನಿ" ಎಂದಳು.

"ದೇವರನ್ನೋ, ನನ್ನ ಮಾತನ್ನೋ?"

"ಎಲ್ಡನ್ನೂ. ಶನಿವಾರ ಒಂದೊತ್ತು ಇರ್ತೀನಿ. ನೀವು ಇರಬ್ಯಾಡಿ. ನಗಬಾರ್ದು ಅಷ್ಟೇ. ಮದುವೆ ಮಾತ್ರ ಗುಡಿಯಾಗೇ ಆಗ್ಬೇಕು."

"ಆಗಲಿ. ಆದ್ರೆ ನಂಬಿ ಕುಂತಿದ್ದೀನಿ ಅಂತ ಯಾರಿಗೂ ಏಳಬ್ಯಾಡ."

"ನೀವೇ ಏಳಿದ್ರೂ ಯಾರೂ ಕೇಳ್ತಿಲ್ವಲ್ಲ" ಎಂದು ನಕ್ಕಳು. ಅಲ್ಲಿಗೆ ನಿಶ್ಚಯವಾಯಿತು.

ಮದುವೆಗೆ ಮನೆಯೊಡತಿ ಬಂದು ಮುಂದಿನ ಸಾಲಿನಲ್ಲಿ ಕೂತರು. ಗೆಳೆಯನೂ ಬಂದ. ತಾಳಿ ಕಟ್ಟುವಷ್ಟು ಹೊತ್ತು ಗುಡಿಯ ಹೊರಗೆ ನಿಂತಿದ್ದ. ಊಟಕ್ಕೆ ಮಾತ್ರ ಎಲ್ಲರಿಗಿಂತ ಮೊದಲು ಕೂತು, ಬಡಿಸಲು ಹೋದ ನನಗೆ, "ನನ್ನ ತಪ್ಪೇ ನೀನೂ ಮಾಡಿದೆಲ್ಲೋ" ಎಂದ. ಹೌದು ಎಂದು ಇನ್ನೊಂದು ಹೋಳಿಗೆ ಹಾಕಿದೆ.

ಬೇರೆ ಮನೆ ಮಾಡಿದ ಮೊದಲ ವಾರವೇ ಹೆಂಡತಿ ತೆಂಗಿನಕಾಯಿ ತಂದು ನನ್ನ ಮುಂದೆ ಹಿಡಿದಳು. ಗಂಡಸರು ಒಡೆಯಬೇಕಂತೆ. ಇದು ನಮ್ಮ ಕರಾರಿನಲ್ಲಿರಲಿಲ್ಲ, ನಾನು ಒಡೆಯುವುದಿಲ್ಲ ಎಂದೆ. ಅವಳು ಜಗಳ ತೆಗೆಯಲಿಲ್ಲ. ಹೊಸಿಲ ಪಕ್ಕದ ಕಲ್ಲಿಗೆ ತಾನೇ ಕುಕ್ಕಿದಳು. ಒಂದನೆಯ ಏಟಿಗೆ ಒಡೆಯಲಿಲ್ಲ, ಎರಡನೆಯದಕ್ಕೆ ನೀರೆಲ್ಲ ಅವಳ ಸೀರೆಗೆ ಚೆಲ್ಲಿತು, ಮೂರನೆಯದಕ್ಕೆ ವಕ್ರವಾಗಿ ಎರಡು ಹೋಳಾಯಿತು. ನೋಡುತ್ತ ನಿಂತವನಿಗೆ ಒಂದು ಹೋಳು ಕೊಟ್ಟು, "ಚಟ್ನಿಗೆ ತುರೀರಿ" ಎಂದಳು. ತುರಿದೆ.

ಅಂದಿನಿಂದ ಹಾಗೇ ನಡೆದಿದೆ. ಒಡೆಯುವುದು ಅವಳು, ತುರಿಯುವುದು ನಾನು. ತುರಿಯುವವನಿಗೂ ಪುಣ್ಯದಲ್ಲಿ ಪಾಲು ಬರುತ್ತದೆ ಎಂದು ಅವಳ ಖಚಿತ ಅಭಿಪ್ರಾಯ. ನನಗೆ ಬೇಡ ಎಂದು ಎಷ್ಟು ಸಲ ಹೇಳಿದರೂ, "ಬ್ಯಾಡ ಅಂದ್ರೆ ಬಿಡ್ತಾರಾ? ಅದು ನಿಮ್ಮ ಕೈಯಾಗಿಲ್ಲ" ಎನ್ನುತ್ತಾಳೆ. ಈ ವಿಷಯದಲ್ಲಿ ನಮ್ಮಿಬ್ಬರಿಗೂ ಇನ್ನೂ ಒಮ್ಮತ ಬಂದಿಲ್ಲ. ಚಟ್ನಿಗೆ ಖಾರ ಎಷ್ಟು ಹಾಕಬೇಕು ಎಂಬುದರಲ್ಲೂ ಬಂದಿಲ್ಲ.