ಉಪ್ಪುಮೀನು ಹಿಡಿದು ಜಲಪಾತಕ್ಕೆ

ಬೈಂದೂರಿನ ಆಚೆ, ಕುಡುಬಿ ಸಮುದಾಯದವರ ಗುಡ್ಡದ ಹಳ್ಳಿಯಲ್ಲಿ ನನ್ನ ಗೆಳತಿಯ ಮನೆ. ಅಲ್ಲಿಗೆ ಹೋಗುವ ದಾರಿಯಲ್ಲೇ ಜಲಪಾತ. ಕಡಲ ಬದಿಯಲ್ಲಿ ಮೀನು ಮಾರಿಯೇ ಬದುಕಿದ ನನ್ನ ಅತ್ತೆಗೆ, ಮಂಡಿ ಸೋಲುವ ಮೊದಲು ಒಮ್ಮೆ ಅದರಡಿ ನಿಲ್ಲುವ ಆಸೆ. ಗೆಳತಿಯ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಉಪ್ಪುಮೀನಿನ ಕಟ್ಟೂ ತಂದಿದ್ದರು.

ಅರ್ಧ ಗುಡ್ಡ ಹತ್ತುವಾಗ ಅತ್ತೆಯ ಕಾಲಿಗೆ ಇಂಬಳ ಕಚ್ಚಿಕೊಂಡು ರಕ್ತ ಹೀರತೊಡಗಿತು.

“ಹ್ವಾಯ್, ನಾನ್ ಮನಿಗ್ ಹೋತೆ!” ಎಂದು ಕುಣಿದಾಡಿದವರು, ಥಟ್ಟನೆ ಕಟ್ಟು ಬಿಚ್ಚಿ ಉಪ್ಪುಮೀನನ್ನೇ ಕಾಲಿಗೆ ತಿಕ್ಕಿದರು. ಇಂಬಳ ಉದುರಿಬಿತ್ತು!

ದಾರಿ ತೋರಿಸಲು ಬಂದಿದ್ದ ಗೆಳತಿ ನಗುತ್ತಾ ಕುಸಿದಳು. “ಅತ್ತೆ, ಮೀನ್ ತಂದದ್ ನಮ್ಗಾ, ಇಂಬಳಕ್ಕಾ?”

“ನಿಮ್ಗೇ ಮಾರಾಯ್ತಿ, ತೊಳ್ದ್ ಕೊಡ್ತೆ!”

ಮಂಡಿ ಮರೆತು ಓಡಿದ ಅತ್ತೆ, ಮೀನಿನ ಸಮೇತ ಜಲಪಾತದಡಿ ನಿಂತೇಬಿಟ್ಟರು.