ಪಕ್ಕದ ಜಾಗದ ಮರಗುದುರೆಗಳು

ನಮ್ಮದು ಜಗಳಗಂಟರ ಮನೆ. ಇದನ್ನು ನಾನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ ಕಾಲವೂ ಇತ್ತು. ಕನ್ನಡ-ಮಲಯಾಳ ಗಡಿನಾಡಿನ ಉಪ್ಪಳದಲ್ಲಿ ಹೆದ್ದಾರಿ ಬದಿಯ ನಮ್ಮ ಮನೆಗೆ ತಾಗಿಕೊಂಡೇ ಒಂದು ಹಿಟ್ಟಿನ ಮಿಲ್ಲಿತ್ತು. ಬೆಳಿಗ್ಗೆ ಎಂಟಕ್ಕೆ ಅದರ ಬೆಲ್ಟು ತಿರುಗಲು ಶುರುವಾದರೆ ನಮ್ಮ ಅಡುಗೆಮನೆಯ ಲೋಟಗಳೆಲ್ಲ ನಡುಗುತ್ತಿದ್ದವು. ಅಪ್ಪ ಆ ಮಿಲ್ಲಿನ ಮೇಲೆ ಹನ್ನೆರಡು ವರ್ಷ ಅರ್ಜಿ ಬರೆದರು. ಪಂಚಾಯತಿಗೆ ಕನ್ನಡದಲ್ಲಿ, ಕಲೆಕ್ಟರರಿಗೆ ಮಲಯಾಳದಲ್ಲಿ. ಮಲಯಾಳ ಬರೆಯಲು ಬರುತ್ತಿದ್ದದ್ದು ನನಗೊಬ್ಬಳಿಗೇ ಆದ್ದರಿಂದ ಅರ್ಧ ಜಗಳ ನನ್ನ ಕೈಬರಹದಲ್ಲಿಯೇ ನಡೆಯಿತು. ನಾವಿಬ್ಬರೂ ಊಟಕ್ಕೆ ಕೂತು ಮಿಲ್ಲಿನವನಿಗೆ ಬೈಯುತ್ತಿದ್ದರೆ ತಮ್ಮ ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದ. ಪಾಪ, ಮಿಲ್ಲಿನ ಸದ್ದು ತಾಳುವುದಿಲ್ಲ ಅವನಿಗೆ ಎಂದು ನಾನು ತಿಳಿದಿದ್ದೆ.

ಕೊನೆಗೆ ಗೆದ್ದದ್ದು ರಸ್ತೆ. ಹೆದ್ದಾರಿ ಅಗಲ ಮಾಡುವಾಗ ಮಿಲ್ಲೂ ಹೋಯಿತು, ಮನೆಯೂ ಹೋಯಿತು. ಅದನ್ನು ನೋಡಲು ಅಪ್ಪ ಇರಲಿಲ್ಲ. ತಮ್ಮ ದುಬೈಯಲ್ಲಿ ಕಟ್ಟಡಗಳ ನಕ್ಷೆ ಬಿಡಿಸುವ ಕೆಲಸದಲ್ಲಿದ್ದ. ಅಪ್ಪ ಹೋದ ಮೇಲೆ ನಮ್ಮಿಬ್ಬರ ಮಾತು ನಿಂತೇ ಹೋಗಿತ್ತು. ಅಪರೂಪಕ್ಕೆ ಫೋನು ಮಾಡಿದರೂ ಎರಡನೇ ನಿಮಿಷಕ್ಕೆ ಜಗಳ, ಮೂರನೇ ನಿಮಿಷಕ್ಕೆ ಫೋನು ಕೆಳಗೆ.

ಅಂಥವನು ಒಂದು ದಿನ ಒಂದು ಲಿಂಕ್ ಕಳಿಸಿದ. ಕಂಪ್ಯೂಟರಿನೊಳಗೆ ಒಂದು ಲೋಕ. ಅಲ್ಲಿ ಜಾಗ ತೆಗೆದುಕೊಳ್ಳಬಹುದು, ಮನೆ ಕಟ್ಟಬಹುದು, ಬೊಂಬೆಯ ರೂಪದಲ್ಲಿ ನಡೆದಾಡಬಹುದು. ಮದುವೆ ಕಾಗದ ಟೈಪು ಮಾಡುವ ಅಂಗಡಿ ನನ್ನದು, ಒಳ್ಳೆಯ ಕಂಪ್ಯೂಟರಿದೆ. ಭಾನುವಾರ ಮಧ್ಯಾಹ್ನ ಶಟರು ಅರ್ಧ ಎಳೆದು, ಅವನು ಹೇಳಿದ ಹಾಗೆ ಒತ್ತುತ್ತಾ ಹೋದೆ. ತಮ್ಮ ಅಲ್ಲಿ ಕಟ್ಟಿದ ನಮ್ಮ ಹಳೆಯ ಮನೆ ಎದುರಿಗೆ ನಿಂತಿತ್ತು. ಕೆಂಪು ಕಾವಿಯ ಜಗಲಿ, ಅಪ್ಪನ ಕ್ಯಾನ್‌ವಾಸ್ ಕುರ್ಚಿ, ಮೂರನೆಯ ಕಂಬದ ಬಿರುಕು ಕೂಡ. ನನಗೆ ಅಳು ಬಂತು. ಆದರೆ ಬಾಯಿಂದ ಬಂದದ್ದು ಬೇರೆ.

"ಮಿಲ್ಲೆಲ್ಲಿ ಉಂಟು?"

"ಅದೊಂದನ್ನು ಬಿಟ್ಟಿದ್ದೇನೆ ಅಕ್ಕ. ಇಲ್ಲಿ ಸುಮ್ಮನೆ ಕೂತುಕೊಳ್ಳುವ."

ಹಾಗೆ ಪ್ರತಿ ಭಾನುವಾರ ಒಂದು ಗಂಟೆ ಕೂತೆವು. ಮಾತು ಬಂದರೆ ಮಾತು, ಇಲ್ಲದಿದ್ದರೆ ಇಲ್ಲ. ಫೋನಿನಲ್ಲಿ ಸುಮ್ಮನಿದ್ದರೆ ಸಿಟ್ಟು ಬಂದಿದೆ ಎಂದಾಗುತ್ತದೆ, ಜಗಲಿಯಲ್ಲಿ ಹಾಗಲ್ಲ. ನನ್ನ ತಮ್ಮ ನನಗೆ ಮರಳಿ ಸಿಕ್ಕಿದ್ದ. ಐದು ತಿಂಗಳು.

ಆರನೆಯ ತಿಂಗಳು ಪಕ್ಕದ ಖಾಲಿ ಜಾಗಕ್ಕೆ ನರಿಯ ತಲೆಯವನೊಬ್ಬ ಬಂದ. ಜಾತ್ರೆಯಲ್ಲಿ ಮಕ್ಕಳು ಕೂರುವಂಥ ಸುತ್ತುವ ಮರಗುದುರೆಗಳನ್ನು ತಂದು ನಿಲ್ಲಿಸಿದ. ಅದಕ್ಕೊಂದು ಪೀಪಿಯ ಸಂಗೀತ. ಇಪ್ಪತ್ತು ಸೆಕೆಂಡಿಗೆ ಮುಗಿದು ಮತ್ತೆ ಮೊದಲಿನಿಂದ ಶುರು. ಅಲ್ಲಿಯೂ ಸದ್ದಿಗೆ ಬೇಲಿಯಿಲ್ಲ.

ನಮ್ಮೂರಿನವರು ಮಾಡುವುದನ್ನೇ ನಾನೂ ಮಾಡಿದೆ, ಗಡಿಯ ಹತ್ತಿರ ಹೋಗಿ ಕೂಗಿದೆ. ಮೊದಲು ಕನ್ನಡದಲ್ಲಿ ಬರೆದೆ, ಆಮೇಲೆ ಮಲಯಾಳದಲ್ಲಿ, ಕೊನೆಗೆ ಇಂಗ್ಲಿಷಿನಲ್ಲಿ. ಎರಡು ದಿನ ಬಿಟ್ಟು ನರಿ ಇಂಗ್ಲಿಷಿನಲ್ಲಿ ಉತ್ತರಿಸಿತು: ತೊಂದರೆಯಾಗಿದ್ದರೆ ಕ್ಷಮಿಸಿ, ನಿಮ್ಮ ಜಾಗದ ಸೆಟ್ಟಿಂಗಿನಲ್ಲಿ ಒಂದು ಟಿಕ್ ಹಾಕಿದರೆ ಹೊರಗಿನ ಸದ್ದು ಒಳಗೆ ಬರುವುದಿಲ್ಲ, ಒಳಗಿನದು ಹೊರಗೆ ಹೋಗುವುದಿಲ್ಲ. ಕೊನೆಗೊಂದು ನಗುಮುಖ. ಆ ನಗುಮುಖ ನನ್ನ ಮೈ ಉರಿಸಿತು.

ತಮ್ಮ ಟಿಕ್ ಹಾಕಿದ. ಸದ್ದು ನಿಂತಿತು. ಮರುದಿನ ನಾನು ಅದನ್ನು ತೆಗೆದೆ. ವೈರಿ ಇನ್ನೂ ಸದ್ದು ಮಾಡುತ್ತಿದ್ದಾನೋ ಇಲ್ಲವೋ ಎಂದು ತಿಳಿಯದೆ ನನಗೆ ಕೂರಲಾಗಲಿಲ್ಲ.

"ಎಂತಕ್ಕೆ ತೆಗೆದದ್ದು?" ಎಂದು ಭಾನುವಾರ ತಮ್ಮ ಕೇಳಿದ.

"ನಾನೆಂತಕ್ಕೆ ಕಿವಿ ಮುಚ್ಚುದು? ಅವನು ಬಾಯಿ ಮುಚ್ಚಲಿ."

"ಅಕ್ಕ, ನಿನಗೆ ಸದ್ದು ನಿಲ್ಲಬೇಕಾ, ಅವನು ಸೋಲಬೇಕಾ?"

ಎಂಥ ಪ್ರಶ್ನೆ! ಆ ಲೋಕವನ್ನು ನಡೆಸುವವರಿಗೆ ಏಳು ದೂರು ಬರೆದೆ, ಗಡಿಯ ನಕ್ಷೆ ಸಹಿತ, ಗಂಟೆ ನಿಮಿಷ ಸಹಿತ, ಥೇಟ್ ಅಪ್ಪನ ಹಾಗೆ. ಏಳಕ್ಕೂ ಒಂದೇ ಉತ್ತರ ಬಂತು, ನಿಮ್ಮ ಸಂದೇಶಕ್ಕೆ ಧನ್ಯವಾದ ಎಂದು. ಭಾನುವಾರದ ಆ ಒಂದು ಗಂಟೆಯಲ್ಲಿ ಈಗ ನರಿಯದ್ದೇ ಸುದ್ದಿ. ತಮ್ಮ ಹೂಂ ಎನ್ನುತ್ತಿದ್ದ. ಒಂದೊಂದು ವಾರ ಹೂಂ ಕೂಡ ಇರಲಿಲ್ಲ. ಅದನ್ನಾದರೂ ನಾನು ಗಮನಿಸಬೇಕಿತ್ತು.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದುಕೊಂಡೆ. ನನ್ನ ಅಂಗಡಿಯೆದುರು ರಸ್ತೆ ಕೆಲಸ ಇನ್ನೂ ಮುಗಿದಿರಲಿಲ್ಲ. ಬಂಡೆ ಒಡೆಯುವ ಯಂತ್ರದ ಸದ್ದು, ಹಿಂದಕ್ಕೆ ಬರುವಾಗ ಅದು ಹಾಕುವ ಕುಂಯ್ ಕುಂಯ್, ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದೆ. ಶನಿವಾರ ಕೂತು ಆ ಸದ್ದನ್ನು ನಮ್ಮ ಜಗಲಿಯ ಕಂಬಕ್ಕೇ ಕಟ್ಟಿ, ನರಿಯ ಕಡೆಗೆ ಪೂರ್ತಿ ದೊಡ್ಡದಾಗಿ ಬಿಟ್ಟೆ. ಪೀಪಿ ಎಲ್ಲಿಯೂ ಕೇಳಿಸಲಿಲ್ಲ. ನಾನೊಬ್ಬಳೇ ಅಂಗಡಿಯಲ್ಲಿ ಕೂತು ನಕ್ಕೆ.

ಭಾನುವಾರ ತಮ್ಮ ಬಂದ. ಜಗಲಿಯ ಮೆಟ್ಟಿಲಿನಲ್ಲಿಯೇ ನಿಂತ. ಯಂತ್ರ ಗಡಗಡ ಎನ್ನುತ್ತಿತ್ತು. ಅದು ಯಾವ ಸದ್ದು ಎಂದು ಅವನಿಗೆ ನಾನು ಹೇಳಬೇಕಾಗಿರಲಿಲ್ಲ. ಅಂಥದೇ ಯಂತ್ರ ನಮ್ಮ ಮನೆ ಕೆಡವುವಾಗ ನಾನೇ ವಿಡಿಯೋ ಮಾಡಿ ಅವನಿಗೆ ಕಳಿಸಿದ್ದೆ, ಉತ್ತರ ಬಂದಿರಲಿಲ್ಲ. ಅಷ್ಟು ಹೊತ್ತಿಗೆ ನನಗೂ ಹೊಳೆಯಿತು. ನಿಲ್ಲಿಸಲು ಹೋದೆ, ಗಾಬರಿಗೆ ಗುಂಡಿ ಸಿಗಲಿಲ್ಲ.

"ಇರಲಿ ಅಕ್ಕ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಹಿತ್ತಿಲಿಗೆ ಹೋಗ್ತಾ ಇದ್ದದ್ದು ಮಿಲ್ಲಿನ ಸದ್ದಿಗೆ ಅಂತ ಗ್ರಹಿಸಿದ್ದೆಯಾ ನೀನು? ಮಿಲ್ಲು ಸಂಜೆ ಆರಕ್ಕೆ ನಿಲ್ತಿತ್ತು. ನೀವಿಬ್ಬರು ನಿಲ್ತಿರಲಿಲ್ಲ. ಆ ಜಗಳವನ್ನೂ ಬಿಟ್ಟು ಮನೆ ಕಟ್ಟಿದ್ದೆ. ಈಗ ಪೂರ್ತಿ ಆಯ್ತು."

ಅವನ ಬೊಂಬೆ ಮಾಯವಾಯಿತು. ಮುಂದಿನ ಭಾನುವಾರ ನಾನು ಹೋದಾಗ ಅಲ್ಲಿ ಬರೀ ಹುಲ್ಲು. ಜಾಗ ಅವನ ಹೆಸರಿನಲ್ಲಿತ್ತು, ಬಿಟ್ಟುಕೊಟ್ಟಿದ್ದ. ಫೋನು ರಿಂಗಾಗುತ್ತದೆ, ತೆಗೆಯುವುದಿಲ್ಲ. ನಾನು ಮಾಡಿದ ಕೆಲಸಕ್ಕೆ ಅವನನ್ನು ದೂರುವ ಮುಖ ನನಗಿಲ್ಲ, ಆದರೂ ಕೆಲವು ದಿನ ದೂರುತ್ತೇನೆ.

ಕುದುರೆಗಳು ಸುತ್ತುತ್ತಲೇ ಇದ್ದವು, ಪೀಪಿಯ ಸದ್ದು ಮಾತ್ರ ಇರಲಿಲ್ಲ. ಮೊನ್ನೆ ಆ ಹುಲ್ಲಿನಲ್ಲಿ ನಿಂತಿದ್ದಾಗ ನರಿಯ ಸಂದೇಶ ಬಂತು. ನನ್ನ ಯಂತ್ರದ ಸುದ್ದಿಯೇ ಅದರಲ್ಲಿರಲಿಲ್ಲ. ಅವನು ತನ್ನ ಕಡೆ ಆ ಟಿಕ್ ಎಂದೋ ಹಾಕಿಕೊಂಡಿರಬೇಕು, ಆ ಸದ್ದು ಅವನನ್ನು ಮುಟ್ಟಿಯೇ ಇರಲಿಲ್ಲ. ಕೇಳಿದ್ದು ಇಷ್ಟೇ: ಇಲ್ಲೊಂದು ಚಂದದ ಮನೆಯಿತ್ತಲ್ಲ, ಯಾರು ಕೆಡವಿದರು?

'ನಾನು' ಎಂದು ಕನ್ನಡದಲ್ಲಿ ಬರೆದೆ. ಅವನಿಗೆ ಓದಲು ಬಾರದು ಎಂಬ ಧೈರ್ಯ. ಓದಲು ಬರುವವನಿಗೆ ಅದನ್ನು ಬರೆಯಲು ನನ್ನಿಂದ ಇನ್ನೂ ಆಗಿಲ್ಲ.