ಅತ್ತೆಯ ದನಿಯಲ್ಲಿ ಬರೆದ ವಾಕ್ಯಗಳು

ವಾಕ್ಯದ ಪ್ರತಿ ಪದಕ್ಕೂ ಕಂಪ್ಯೂಟರು ನಾಮಪದ, ಕ್ರಿಯಾಪದ ಎಂದು ಚೀಟಿ ಅಂಟಿಸುತ್ತದೆ. ಅದು ತಪ್ಪಿದಲ್ಲಿ, ಅಕ್ಕಪಕ್ಕದ ಪದ ನೋಡಿ ಚೀಟಿ ಬದಲಿಸುವ ನಿಯಮ ಬರೆಯುವುದು ನನ್ನ ಕೆಲಸ. ನಮ್ಮೂರು ನಾರಾಯಣಪೇಟೆಯ ಆಡುಗನ್ನಡಕ್ಕೆ ನಲವತ್ತು ನಿಯಮ ಬರೆದಿದ್ದೆ. ಮರುದಿನವೇ ಈ ಕೆಲಸ ಕೊಟ್ಟ ಗುರುಗಳಿಗೆ ತೋರಿಸಬೇಕಿತ್ತು. ಪರೀಕ್ಷೆಗಿಟ್ಟ ವಾಕ್ಯಗಳಲ್ಲಿ ಒಂದು ಚೀಟಿಯೂ ತಪ್ಪಿರಲಿಲ್ಲ. ನಾನು ಮಾಡಿದ್ದು ಒಂದೇ ಏಟಿಗೆ ಸರಿಹೋದದ್ದು ಹಿಂದೆಂದೂ ಇಲ್ಲ. ಕೂತಲ್ಲಿ ಕೂರಲಾಗದೆ, ಸೀರೆ ನೇಯುತ್ತಿದ್ದ ಸೋದರತ್ತೆಯ ಮಗ್ಗದ ಸುತ್ತ ತಿರುಗುತ್ತ, ಅವಳದೇ ದನಿ ತೆಗೆದು ಆ ವಾಕ್ಯಗಳನ್ನು ಓದಿದೆ.

ಅತ್ತೆ ಮಗ್ಗ ನಿಲ್ಲಿಸಿದಳು. "ಯಾರಪಾ ಈ ಮುದುಕಿ?"

"ನೀನ ಅತ್ತಿ!"

"ನಾ ಯಾವಾಗ ಹಿಂಗ ಮಾತಾಡೀನೋ ಮಂಗ್ಯಾ? ನಾಟಕದಾಗಿನ ಮುದುಕಿ ಇದ್ದಂಗ ಅದಾಳ."

ನಗು ಬಂತು, ಹಿಂದೆಯೇ ಅನುಮಾನವೂ ಬಂತು. ಆ ವಾಕ್ಯಗಳೆಲ್ಲ ನಾನೇ ಅತ್ತೆಯಂತೆ, ಮಕ್ತಲ್ ಬಸ್ಸಿನ ಕಂಡಕ್ಟರನಂತೆ ಅಣಕಿಸಿ ಬರೆದವು. ನನ್ನ ನಿಯಮಕ್ಕೆ ನನ್ನದೇ ಅಣಕ ಒಗ್ಗದಿರುತ್ತದೆಯೇ? ಅತ್ತೆ ಪಕ್ಕದ ಮನೆಯವಳೊಂದಿಗೆ ಆಡಿದ ಮಾತನ್ನು, ಇಬ್ಬರ ಒಪ್ಪಿಗೆ ಪಡೆದೇ, ಫೋನಿನಲ್ಲಿ ರೆಕಾರ್ಡ್ ಮಾಡಿ, ಬರೆದುಕೊಂಡು ನಿಯಮಗಳಿಗೆ ಒಡ್ಡಿದೆ. ಅರ್ಧಕ್ಕರ್ಧ ತಪ್ಪು.

ಆ ತಪ್ಪುಗಳನ್ನೇ ಗುರುಗಳಿಗೆ ಕಳಿಸಿ ಒಂದು ವಾರದ ಗಡುವು ಬೇಡಿದೆ. ಆಮೇಲೆ ಅತ್ತೆಯ ಎದುರು ಬಾಯಿ ಮುಚ್ಚಿಕೊಂಡು, ಕಿವಿಗೊಟ್ಟು ಕೂತೆ.

"ಯಾಕೋ, ಮೈಯಾಗ ಆರಾಮಿಲ್ಲೇನು?" ಎಂದಳು.